ಅಪ್ಪನ ಜೊತೆ ಬೀಜದ ಕುದುರೆ ನೋಡಲು ಹೋದ ನಾಲ್ಕು ದಿನ

ಗುರುವಾರ

ಅಪ್ಪ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನಲ್ಲಿರುವ ನಮ್ಮ ಮನೆಗೆ ಬಂದು ಮೂರು ವಾರ ಆಗಿತ್ತು. ಕಾಲುವೆ, ಗಾಳಿಗಿರಣಿ, ಮ್ಯೂಸಿಯಂ ಎಲ್ಲಾ ತೋರಿಸಿದ್ದೆ. ಯಾವುದನ್ನು ನೋಡಿದರೂ ‘ಚೆನ್ನಾಗದೆ’ ಅನ್ನುತ್ತಿದ್ದರು, ಅಷ್ಟೇ. ನಾಗಮಂಗಲದ ಕಡೆ ನಲವತ್ತು ವರ್ಷ ಹಳ್ಳಿಕಾರ್ ದನ ಸಾಕಿದವರು ಅವರು. ಜನವರಿ ಚಳಿಯಲ್ಲಿ ನಾಲ್ಕನೇ ಮಹಡಿಯ ಕಿಟಕಿ ಪಕ್ಕ ಕೂತು ಟ್ರಾಮ್ ಎಣಿಸುತ್ತಿದ್ದರು. ನೋಡಿದರೆ ಸಂಕಟ ಆಗುತ್ತಿತ್ತು.

ಆಗ ಆಫೀಸಿನ ಗೆಳತಿ ಒಂದು ಮಾತು ಹೇಳಿದಳು. ಅವಳ ತವರು ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯ. ಅವಳಪ್ಪನ ಹತ್ತಿರ ಎಂಟು ವರ್ಷದ ಒಂದು ಹೆಣ್ಣು ಕುದುರೆ ಇದೆ. ಈ ವರ್ಷ ಅದಕ್ಕೆ ಗಂಡು ಹುಡುಕಬೇಕು. ಪ್ರತಿ ಜನವರಿಯಲ್ಲಿ ಲೇವಾರ್ಡನ್ ಊರಲ್ಲಿ ಫ್ರೀಸಿಯನ್ ಗಂಡು ಕುದುರೆಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ‘ನಿಮ್ಮಪ್ಪನನ್ನೂ ಕರ್ಕೊಂಡು ಬಾ’ ಅಂದಳು.

ಅಪ್ಪನಿಗೆ ಹೇಳಿದೆ. ‘ಬೀಜದ ಕುದುರೆನಾ?’ ಅಂದರು. ರಾತ್ರಿಯೇ ಸ್ವೆಟರ್ ಮಡಚಿಟ್ಟುಕೊಂಡರು.

ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಅಫ್‌ಸ್ಲಾಯ್ಟ್‌ಡೈಕ್ ಸಿಗುತ್ತದೆ. ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ 32 ಕಿಲೋಮೀಟರ್ ಉದ್ದದ ಏರಿ, 1932ರಲ್ಲಿ ಮುಗಿದಿದ್ದು. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಸಿಹಿನೀರು. ‘ನಮ್ಮ ಕನ್ನಂಬಾಡಿ ಕಟ್ಟೆ ಮುಗಿದಿದ್ದೂ ಹೆಚ್ಚುಕಡಿಮೆ ಆಗಲೇ ಅಲ್ವಾ’ ಅಂದರು ಅಪ್ಪ. ಆಮೇಲೆ ಏರಿ ಮುಗಿಯುವವರೆಗೂ ಮಾತಿಲ್ಲ, ನೀರನ್ನೇ ನೋಡುತ್ತಿದ್ದರು.

ಫ್ರೀಸ್‌ಲ್ಯಾಂಡ್ ಶುರುವಾದ ಮೇಲೆ ಊರಿನ ಬೋರ್ಡುಗಳು ಎರಡೆರಡು ಭಾಷೆಯಲ್ಲಿ. ಡಚ್ಚಿನ ಲೇವಾರ್ಡನ್ ಇವರ ಭಾಷೆಯಲ್ಲಿ ಲ್ಯೌವರ್ಟ್. ನಮ್ಮೂರಿನ ಬೋರ್ಡ್ ಗಲಾಟೆಗಳು ನೆನಪಾದವು. ಅದನ್ನು ಇಲ್ಲಿ ಎಳೆಯೋದು ಬೇಡ.

ಲೇವಾರ್ಡನ್‌ನಲ್ಲಿ ಅಪ್ಪನ ಕಾಲು ಮೊದಲು ನಿಂತದ್ದು ಕುದುರೆ ಮುಂದೆ ಅಲ್ಲ, ಹಸುವಿನ ಮುಂದೆ. ಊರೊಳಗೆ ಒಂದು ಕಂಚಿನ ಹಸು ಇದೆ. ಹೆಸರು ‘ಉಸ್ ಮೆಮ್’. ಫ್ರೀಸಿಯನ್ ಭಾಷೆಯಲ್ಲಿ ‘ನಮ್ಮವ್ವ’ ಅಂತ ಅರ್ಥ. ಇಲ್ಲಿನ ದನಗಳ ವಂಶಾವಳಿ ಪುಸ್ತಕ ಶುರುವಾಗಿದ್ದು 1879ರಲ್ಲಿ. ಅದಕ್ಕೆ 75 ವರ್ಷ ತುಂಬಿದಾಗ, 1954ರಲ್ಲಿ, ಈ ಹಸುವನ್ನು ನಿಲ್ಲಿಸಿದರು.

‘ನಮ್ಮ ಹಟ್ಟಿಯ ಎಚ್.ಎಫ್. ಹಸು ಇದೆಯಲ್ಲಪ್ಪ, ಅದರ ಎಫ್ ಅಂದ್ರೆ ಫ್ರೀಸಿಯನ್. ಅದರ ಮೂಲ ಇಲ್ಲೇ’ ಅಂದೆ.

ಅಪ್ಪ ಕೆಚ್ಚಲು ನೋಡಿದರು, ಹೊಟ್ಟೆ ಕೆಳಗಿನ ಹಾಲುನರ ನೋಡಿದರು. ‘ಡೈರಿಗೆ ಇಷ್ಟು ವರ್ಷ ಹಾಲು ಹಾಕಿದ್ದು ಈ ತಾಯಿ ಮಕ್ಕಳದ್ದಾ’ ಅಂತ ಕೈಗವಸು ತೆಗೆದು ಆ ತಣ್ಣನೆ ಕಂಚನ್ನು ಒಮ್ಮೆ ಸವರಿದರು. ದಾರಿಹೋಕರು ನೋಡಿದರು. ನೋಡಲಿ ಬಿಡಿ.

ರಾತ್ರಿ ಉಳಿದ ಜಾಗದ ಹೆಸರು ಬೇಡ. ಹೀಟರ್ ಕೆಟ್ಟಿತ್ತು, ರಿಸೆಪ್ಷನ್‌ನಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಜಾಕೆಟ್ ಹಾಕಿಕೊಂಡೇ ಮಲಗಿದೆವು.

ಶುಕ್ರವಾರ

ಬೆಳಿಗ್ಗೆ ಪ್ರದರ್ಶನದ ಬಾಗಿಲಲ್ಲಿ ಗೆಳತಿ ಮತ್ತು ಅವಳಪ್ಪ ಕಾಯುತ್ತಿದ್ದರು. ಅವಳಪ್ಪನನ್ನು ಯಜಮಾನರು ಅಂತಲೇ ಕರೆಯುತ್ತೇನೆ. ಎಪ್ಪತ್ತು ದಾಟಿದ, ಆರಡಿ ಮೀರಿದ ಮನುಷ್ಯ. ಅಪ್ಪನ ಕೈ ಕುಲುಕಿ, ಅಂಗೈ ತಿರುಗಿಸಿ ನೋಡಿ ನಕ್ಕರು. ಹಗ್ಗ ಎಳೆದ ಕೈ ಯಾವ ಊರಲ್ಲಿದ್ದರೂ ಗೊತ್ತಾಗಿಬಿಡುತ್ತದೆ.

ದೊಡ್ಡ ಹಾಲ್, ನಡುವೆ ಮರಳಿನ ಅಂಕಣ, ಸುತ್ತ ಜನ. ಬಾಗಿಲು ತೆರೆಯಿತು. ಮೈಯೆಲ್ಲಾ ಬಿಳಿ ಬಟ್ಟೆಯ ಒಬ್ಬ ಲಗಾಮು ಹಿಡಿದು ಓಡಿಬಂದ. ಅವನ ಪಕ್ಕದಲ್ಲಿ ಕಲ್ಲಿದ್ದಲಿನಷ್ಟು ಕಪ್ಪು ಕುದುರೆ. ಇನ್ನೊಬ್ಬ ಉದ್ದ ಚಾವಟಿ ಹಿಡಿದು ಹಿಂದೆ. ಕುದುರೆಯ ಕುತ್ತಿಗೆ ಹಾವಿನ ಹೆಡೆ ಹಾಗೆ ಎದ್ದಿತ್ತು. ಮೊಣಕಾಲು ಎದೆಯತ್ತ ಬರುವ ಹಾಗೆ ಎತ್ತೆತ್ತಿ ಹಾಕುತ್ತಿತ್ತು. ಗೊರಸಿನ ಮೇಲಿನ ಉದ್ದ ಕೂದಲು ಹೆಜ್ಜೆ ಹೆಜ್ಜೆಗೂ ಬಿಚ್ಚಿಕೊಳ್ಳುತ್ತಿತ್ತು. ಜನ ಚಪ್ಪಾಳೆ ತಟ್ಟಿದಷ್ಟೂ ಅದಕ್ಕೆ ಹುಮ್ಮಸ್ಸು.

ಒಂದು ಹೋಯಿತು, ಇನ್ನೊಂದು ಬಂತು. ಅದೂ ಕರಿ, ಅದರ ಹಿಂದಿನದೂ ಕರಿ.

‘ಎಲ್ಲಾ ಒಂದೇ ಅಚ್ಚಿನವು ಕಣವ್ವ. ಇದರಲ್ಲೇನು ಆರಿಸ್ತಾರೆ?’ ಅಂದರು ಅಪ್ಪ.

ನಿಜ, ಈ ತಳಿಯಲ್ಲಿ ಬಣ್ಣ ಅಂದರೆ ಕಪ್ಪೊಂದೇ. ಗಂಡು ಕುದುರೆಗೆ ಹಣೆಯ ಮೇಲೆ ಪುಟ್ಟದೊಂದು ಬಿಳಿ ಚುಕ್ಕೆ ಇದ್ದರೆ ಸರಿ. ಕಾಲಲ್ಲಿ, ಮೂತಿಯಲ್ಲಿ ಎಲ್ಲೇ ಬಿಳಿ ಕಂಡರೂ ಬೀಜಕ್ಕೆ ಇಲ್ಲ. ಎತ್ತರ ನಾಲ್ಕನೇ ವರ್ಷಕ್ಕೆ ಕನಿಷ್ಠ 1.60 ಮೀಟರ್ ಇರಬೇಕು. ಆದರೆ ಅದೆಲ್ಲಾ ಬಾಗಿಲಲ್ಲೇ ಜರಡಿ ಹಿಡಿಯುವ ಲೆಕ್ಕ. ಅಸಲಿ ಪರೀಕ್ಷೆ ನಡಿಗೆಯದು.

ಅಪ್ಪನಿಗೆ ಇದನ್ನು ನಾನು ಹೇಳಿಕೊಡಬೇಕಾಗಿ ಬರಲಿಲ್ಲ. ಒಂದು ಗಂಟೆ ಸುಮ್ನೆ ಕೂತಿದ್ದರು. ಆಮೇಲೆ ನನ್ನ ಮೊಣಕೈ ತಿವಿದರು. ‘ಮುಂಗಾಲು ನೋಡಬೇಡ, ಅದು ಬರೀ ಷೋಕಿ. ಹಿಂಗಾಲು ನೋಡು. ಮುಂಗಾಲಿನ ಹೆಜ್ಜೆ ಬಿದ್ದಿದ್ದ ಜಾಗ ದಾಟಿ ಬೀಳ್ತದಾ ಇಲ್ವಾ? ಬಂಡಿ ಎಳೆಯೋದು ಹಿಂದಿನ ಕಾಲು.’

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ, ಗೆಳತಿ ಫ್ರೀಸಿಯನ್‌ಗೆ ತಿರುಗಿಸಿದಳು. ಯಜಮಾನರು ಕ್ಯಾಟಲಾಗ್ ಮಡಚಿ ಅಪ್ಪನ ಕಡೆ ಪೂರ್ತಿ ತಿರುಗಿ ಕೂತರು. ಅಲ್ಲಿಂದ ಮುಂದೆ ಅವರಿಬ್ಬರಿಗೆ ನಾವು ಬೇಕಾಗಿದ್ದು ಕಡಿಮೆ. ಬೆರಳು ತೋರಿಸೋದು, ತಲೆ ಅಲ್ಲಾಡಿಸೋದು, ‘ಹ್ಞೂಂ’, ‘ಊಹ್ಞೂಂ’. ಇಷ್ಟರಲ್ಲೇ ಮಧ್ಯಾಹ್ನದವರೆಗೆ ಸಾಗಿತು.

ಒಂದು ಕುದುರೆ ನಮ್ಮ ಕಟಕಟೆಯ ಹತ್ತಿರವೇ ನಿಂತಿತ್ತು. ತೀರ್ಪುಗಾರರು ಸುತ್ತ ನಡೆದು ನೋಡುತ್ತಿದ್ದರು. ಮೂಗಿನ ಹೊಳ್ಳೆ ಒಳಗಿನ ಕೆಂಪು ಕಾಣುವಷ್ಟು ಅರಳಿತ್ತು. ಎದೆಯ ಪಟ್ಟಿ ತಾಕಿದ ಕಡೆ ಬೆವರು ಸೋಪಿನ ನೊರೆ ಹಾಗೆ. ಹಿಡಿದವನ ಬಿಳಿ ಷರಟಿನ ತೋಳಿನ ಮೇಲೆ ಹಸಿರು ಜೊಲ್ಲಿನ ಒಂದು ಗೀಟು. ಕುದುರೆ ಬಾಲ ಕೂಡ ಅಲ್ಲಾಡಿಸದೆ ನಿಂತಿತ್ತು, ಕಿವಿ ಮಾತ್ರ ಒಂದು ಮುಂದೆ, ಒಂದು ಹಿಂದೆ. ಅಪ್ಪ ಎದ್ದು ನಿಂತು ಅದರ ಹಣೆ ದಿಟ್ಟಿಸಿದರು. ಏನು ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತು. ಸುಳಿ, ಒಳ್ಳೇದು ಕೆಟ್ಟದ್ದು ಹೇಳುತ್ತೆ ಅಂತ ನಮ್ಮವರು ನೋಡುವ ಕೂದಲ ಸುತ್ತು.

‘ಇಲ್ಲಿ ಸುಳಿ ನೋಡಲ್ವಾ?’

ಯಜಮಾನರಿಗೆ ಕೇಳಿದೆ. ಇಲ್ಲ, ಆದರೆ ಎಕ್ಸ್‌ರೇ ನೋಡುತ್ತಾರೆ ಅಂದರು. ಕೀಲುಗಳ ಎಕ್ಸ್‌ರೇ, ಗಂಟಲು, ವೀರ್ಯ, ತಾಯಿಯ ದರ್ಜೆ ಎಲ್ಲಾ ಪಾಸಾಗಬೇಕು. ಆಮೇಲೆ ವಾರಗಟ್ಟಲೆ ಒಂದೇ ಕಡೆ ಇಟ್ಟು ಸವಾರಿ, ಗಾಡಿ ಎರಡರಲ್ಲೂ ಪರೀಕ್ಷೆ. ಅಷ್ಟು ದಾಟಿದ ಬೆರಳೆಣಿಕೆಯವಕ್ಕೆ ಹೆಸರಿನ ಜೊತೆ ಒಂದು ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಸಿಕ್ಕರೆ ಮಾತ್ರ ಬೀಜದ ಕುದುರೆ. ಸಿಕ್ಕಿದ ಮೇಲೂ ಕಾಯಂ ಅಲ್ಲ. ಮಕ್ಕಳು ಹುಟ್ಟಿದ ಮೇಲೆ ಆ ಮಕ್ಕಳ ಪರೀಕ್ಷೆ. ಮಕ್ಕಳು ಚೆನ್ನಾಗಿಲ್ಲದಿದ್ದರೆ ಅಪ್ಪನ ಅನುಮತಿ ವಾಪಸ್.

‘ಮಕ್ಕಳು ಫೇಲಾದ್ರೆ ಅಪ್ಪ ಫೇಲು!’ ಅಪ್ಪ ಜೋರಾಗಿ ನಕ್ಕರು. ನನ್ನ ಕಡೆ ನೋಡಿ ನಕ್ಕಿದ್ದು ಯಾಕೋ ಸರಿ ಬರಲಿಲ್ಲ.

ಸಂಜೆ ಯಜಮಾನರಿಗೆ ಹೀಟರ್ ಕತೆ ಗೊತ್ತಾಗಿ, ‘ಇನ್ನು ನಮ್ಮನೇಲೇ ಇರಿ’ ಅಂತ ಬ್ಯಾಗ್ ತೆಗೆಸಿಬಿಟ್ಟರು. ರಾತ್ರಿ ಊಟಕ್ಕೆ ಗಟ್ಟಿ ಬಟಾಣಿ ಸೂಪ್, ಜೊತೆಗೆ ಒಂದು ಬಗೆಯ ಚೀಸ್. ಅಪ್ಪ ಅನುಮಾನದಲ್ಲೇ ಬಾಯಿಗಿಟ್ಟರು. ‘ಇದರಲ್ಲಿ ಲವಂಗ ಐತೆ. ಜೀರಿಗೆನೂ ಐತೆ!’ ಹೌದು, ಈ ಕಡೆಯ ಹಳೇ ಚೀಸ್ ಅದು. ಮೂರು ತುಂಡು ತಿಂದರು.

ಶನಿವಾರ

ಈ ದಿನ ಪಳಗಿದ ಕುದುರೆಗಳದ್ದು. ಮೊದಲು ಬಂದದ್ದು ಶೇಸ್ ಅನ್ನುವ ಗಾಡಿಗಳು. ಎರಡೇ ಚಕ್ರ, ಆಳೆತ್ತರಕ್ಕೆ ಸಮೀಪದವು, ಮೇಲೆ ಬಸವನಹುಳುವಿನ ಚಿಪ್ಪಿನ ಹಾಗೆ ಬಳುಕಿದ ಪುಟ್ಟ ಪೆಟ್ಟಿಗೆ. ಒಳಗೆ ಗಂಡ ಹೆಂಡತಿ ಅನ್ನುವ ಹಾಗೆ ಇಬ್ಬರು, ಹತ್ತೊಂಬತ್ತನೇ ಶತಮಾನದ ಉಡುಪಿನಲ್ಲಿ. ಲಗಾಮಿನ ಹಗ್ಗ ಬಿಳಿ. ಹೆಂಗಸಿನ ತಲೆಯ ಮೇಲೆ ಲೇಸಿನ ಟೋಪಿ, ಅದರಡಿ ಬಂಗಾರದ ತಗಡು ಹೊಳೆಯುತ್ತದೆ.

‘ಅಷ್ಟೂ ಚಿನ್ನಾನಾ?’ ಅಂತ ಅಪ್ಪ ಎರಡು ಸಲ ಕೇಳಿದರು. ಕುದುರೆಗಿಂತ ಜಾಸ್ತಿ ಹೊತ್ತು ಅದನ್ನೇ ನೋಡಿದರು. ಆಮೇಲೆ, ಚಿಕ್ಕವರಿದ್ದಾಗ ಮೈಸೂರಿನಲ್ಲಿ ಹತ್ತಿದ್ದ ಜಟಕಾ ಗಾಡಿ ನೆನಪು ಮಾಡಿಕೊಂಡರು. ಅದರ ಕುದುರೆಯ ಪಕ್ಕೆಲುಬು ಎಣಿಸಬಹುದಿತ್ತಂತೆ.

ಈ ಕುದುರೆ ಬರೀ ಮೆರವಣಿಗೆಯದಲ್ಲ. ಹೊಲ ಉತ್ತಿದೆ, ಹಾಲಿನ ಗಾಡಿ ಎಳೆದಿದೆ, ಇಂಗ್ಲೆಂಡಿನಲ್ಲಿ ಶವದ ಗಾಡಿಗೂ ಹೂಡಿದ್ದಾರೆ. ಕರಿ ಬಣ್ಣ ಅಲ್ಲಿ ಉಪಯೋಗಕ್ಕೆ ಬಂತು. ಆದರೆ ಎರಡು ಸಲ ಇಡೀ ತಳಿಯೇ ಮುಗಿದುಹೋಗುವುದರಲ್ಲಿತ್ತು. ಕಾಫಿ ಕುಡಿಯುವಾಗ ಯಜಮಾನರು ಅದನ್ನು ಹೇಳಿದರು. ಇಡೀ ಪ್ರವಾಸದಲ್ಲಿ ನನಗೆ ಉಳಿದದ್ದು ಆ ಮಾತೇ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ರೈತರಿಗೆ ಇನ್ನೂ ದಪ್ಪ, ಇನ್ನೂ ಭಾರದ ಕುದುರೆ ಬೇಕಾಯಿತು. ಹೊರಗಿನಿಂದ ತಂದ ಭಾರಿ ಕುದುರೆಗಳ ಕಡೆ ಎಲ್ಲರೂ ವಾಲಿದರು. ಊರ ಕುದುರೆ ನೋಡಲು ಚಂದ, ದುಡಿಮೆಗೆ ಸಾಲದು ಅನ್ನುವ ಮಾತು. 1913ರ ಹೊತ್ತಿಗೆ ಈ ಕುದುರೆಗಳ ವಂಶಾವಳಿ ಪುಸ್ತಕದಲ್ಲಿ ಉಳಿದಿದ್ದು ಮೂರೇ ಮೂರು ಗಂಡು ಕುದುರೆ: ಪ್ರಿನ್ಸ್ 109, ಆಲ್ವಾ 113, ಫ್ರಿಸೊ 117. ಇಡೀ ಪ್ರಾಂತ್ಯಕ್ಕೆ ಮೂರು! ಒಂದಷ್ಟು ರೈತರು ಸಂಘ ಕಟ್ಟಿ, ಕೈಯಿಂದ ದುಡ್ಡು ಹಾಕಿ ಒಳ್ಳೆಯ ಗಂಡುಮರಿಗಳನ್ನು ಕೊಂಡು ಉಳಿಸಿದರು. ಆಮೇಲೆ ಟ್ರ್ಯಾಕ್ಟರ್ ಬಂತು. 1960ರ ದಶಕದಲ್ಲಿ ಲೆಕ್ಕಕ್ಕೆ ಉಳಿದ ಹೆಣ್ಣು ಕುದುರೆಗಳು 500ರ ಆಸುಪಾಸು. ಮತ್ತೆ ಜನ ಎಚ್ಚೆತ್ತರು. ಈಗ ಜಗತ್ತಿನ ಮೂಲೆ ಮೂಲೆಯಲ್ಲಿ ಇವೆ. ಆದರೆ ಎಲ್ಲವೂ ದಾಯಾದಿಗಳೇ. ಗಂಡು ಸಾಲು ಹಿಡಿದು ಹಿಂದೆ ಹೋದರೆ ಎಲ್ಲವೂ 1885ರಲ್ಲಿ ಹುಟ್ಟಿದ ನೆಮೊ 51 ಅನ್ನುವ ಒಂದೇ ಕುದುರೆಗೆ ಹೋಗಿ ಸೇರುತ್ತವೆ.

ಅಪ್ಪ ಕಪ್ ಕೆಳಗಿಟ್ಟರು. ‘ನಮ್ಮಲ್ಲೂ ಹಿಂಗೇ ಆಗಿತ್ತು, ಹೇಳು ಅವರಿಗೆ.’

ನಾನೇ ಕೇಳಿರದ ಕತೆ ಅದು. ಪಕ್ಕದೂರಿನ ಒಬ್ಬರ ಹೋರಿಗೆ ಜಾತ್ರೆಯಲ್ಲಿ ಬಹುಮಾನ ಬಂತು. ಸುತ್ತಲಿನ ಹಳ್ಳಿಯವರೆಲ್ಲಾ ಬೆದೆಗೆ ಬಂದ ಹಸು ಹಿಡಿದು ಅಲ್ಲಿಗೇ. ಏಳೆಂಟು ವರ್ಷದಲ್ಲಿ ಯಾರ ಹಟ್ಟಿ ನೋಡಿದರೂ ಅದೇ ಕೊಂಬು, ಅದೇ ಮುಖ. ಅದರ ಮಗಳಿಗೆ ಅದರ ಮಗನನ್ನೇ ಬಿಡುವ ಹಾಗಾಯಿತು. ಕರುಗಳು ಸಣ್ಣಗಾದವು. ಕೊನೆಗೆ ಅಪ್ಪ ಒಂದು ಹಸುವನ್ನು ನಡೆಸಿಕೊಂಡು ಬೇರೆ ಹೋಬಳಿಗೆ ಹೋಗಿ ಹೋರಿ ಕೊಡಿಸಿಕೊಂಡು ಬಂದರು. ‘ಊರವರು ನಕ್ಕರು. ಬಹುಮಾನದ ಹೋರಿ ಪಕ್ಕದಲ್ಲೇ ಐತೆ, ಇವನಿಗೆ ಹುಚ್ಚು ಅಂತ.’

ಗೆಳತಿ ತರ್ಜುಮೆ ಮುಗಿಸುವ ಮೊದಲೇ ಯಜಮಾನರು ತಲೆ ಆಡಿಸುತ್ತಿದ್ದರು.

ಮಧ್ಯಾಹ್ನ ಚಾಂಪಿಯನ್ ಆರಿಸಿದರು. ಜನ ಎದ್ದು ನಿಂತು ಕಾಲು ಕುಟ್ಟಿದರು. ಅದೂ ಸೊಗಸಾದ ಪ್ರಾಣಿಯೇ, ಸುಳ್ಳು ಹೇಳಬಾರದು. ಕುದುರೆ ಮಾಲೀಕರ ಮಳಿಗೆಗಳ ಮುಂದೆ ನೂಕುನುಗ್ಗಲು. ಗೋಡೆಯ ಮೇಲೆ ಕುದುರೆಯ ಫೋಟೋ, ಕೆಳಗೆ ದರ ಅಚ್ಚಾಗಿದೆ. ಬುಕ್ ಮಾಡುವಾಗ ಒಂದಿಷ್ಟು, ಗಬ್ಬ ನಿಂತ ಮೇಲೆ ಉಳಿದದ್ದು. ನಮ್ಮ ಜಾತ್ರೆಯಲ್ಲಿ ಟವೆಲ್ ಮುಚ್ಚಿ ಬೆರಳು ಹಿಡಿದು ವ್ಯಾಪಾರ ಮಾಡಿದ ಅಪ್ಪನಿಗೆ ಇದು ಸಪ್ಪೆ ಅನ್ನಿಸಿತು. ‘ಚೌಕಾಸಿನೇ ಇಲ್ವಾ?’

ಯಜಮಾನರು ಚಾಂಪಿಯನ್ನಿನ ಕಾಗದ ತೆಗೆದುಕೊಂಡರು. ಇನ್ನೂ ನಾಲ್ಕು ಕುದುರೆಗಳ ಕಾಗದವನ್ನೂ ತೆಗೆದುಕೊಂಡರು. ಏನೂ ಹೇಳಲಿಲ್ಲ.

ಭಾನುವಾರ

ಬೆಳಿಗ್ಗೆ ರೋರ್ಡಾಹೈಜುಮ್ ಅನ್ನುವ ಹಳ್ಳಿಯಲ್ಲಿ ಐದು ನಿಮಿಷ ನಿಂತೆವು. 1879ರ ಮೇ 1ರಂದು ಇಲ್ಲಿನ ಒಂದು ಹೋಟೆಲಿನಲ್ಲಿ ರೈತರು ಕೂತು ಕುದುರೆಯ ವಂಶಾವಳಿ ಪುಸ್ತಕ ಶುರುಮಾಡಿದರು. ದನದ ಪುಸ್ತಕ ಶುರುವಾಗಿದ್ದೂ ಅದೇ ವರ್ಷ. ಆ ವರ್ಷ ಇವರಿಗೆಲ್ಲಾ ಬರೆದಿಡುವ ಹುಚ್ಚು ಹಿಡಿದಿತ್ತೇನೋ. ಮಂಜು ಬೀಳುತ್ತಿತ್ತು, ಫೋಟೋ ಕೂಡ ಸರಿಯಾಗಿ ಬರಲಿಲ್ಲ.

ಅಲ್ಲಿಂದ ಯಜಮಾನರಿಗೆ ಗೊತ್ತಿರುವ ಒಂದು ಲಾಯಕ್ಕೆ. ಇಲ್ಲಿ ಗಂಡು ಕುದುರೆಗಳನ್ನು ಇಟ್ಟುಕೊಂಡು ವೀರ್ಯ ತೆಗೆದು ಕಳಿಸುತ್ತಾರೆ. ಸೀಸನ್ ಇನ್ನೂ ಶುರುವಾಗಿರಲಿಲ್ಲ. ಆದರೆ ಮೊದಲೇ ಪ್ರತಿ ಕುದುರೆಯದನ್ನೂ ಪರೀಕ್ಷೆ ಮಾಡಿಟ್ಟುಕೊಳ್ಳುತ್ತಾರೆ.

‘ಇಲ್ಲೂ ಇಂಜೆಕ್ಷನ್ನೇನಾ?’ ಅಂದರು ಅಪ್ಪ, ಸ್ವಲ್ಪ ನಿರಾಸೆಯಲ್ಲಿ.

ಇಲ್ಲೂ ಇಂಜೆಕ್ಷನ್ನೇ. ಕೊಠಡಿಯ ನಡುವೆ ಚರ್ಮ ಸುತ್ತಿದ ಒಂದು ದಿಮ್ಮಿ, ಕುದುರೆಯ ಬೆನ್ನಿನ ಎತ್ತರಕ್ಕೆ. ಗಂಡು ಕುದುರೆ ಅದನ್ನೇ ಹೆಣ್ಣು ಅಂದುಕೊಂಡು ಹತ್ತುತ್ತದೆ. ಬಿಸಿನೀರು ತುಂಬಿದ ಕೊಳವೆಯಲ್ಲಿ ವೀರ್ಯ ಹಿಡಿಯುತ್ತಾರೆ. ನನಗೆ ಅಪ್ಪನ ಪಕ್ಕ ನಿಂತು ಅದನ್ನು ನೋಡಲು ಮುಜುಗರ. ಅಪ್ಪನಿಗೆ ಏನೂ ಇಲ್ಲ, ‘ಜಾಣ ಕುದುರೆ’ ಅಂತ ಮೆಚ್ಚಿಕೊಂಡರು.

ಆಮೇಲೆ ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಒಂದು ಹನಿಯನ್ನು ಬೆಚ್ಚಗಿನ ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದಳು. ಪಕ್ಕದ ಪರದೆಯ ಮೇಲೆ ಚಿತ್ರ ಬಂತು. ಸಾವಿರಾರು ಬಾಲಗಳು. ಕೆಲವು ನೆಟ್ಟಗೆ ಓಡುತ್ತಿದ್ದವು, ಕೆಲವು ಅಲ್ಲಲ್ಲೇ ಗಿರಕಿ ಹೊಡೆಯುತ್ತಿದ್ದವು, ಕೆಲವು ಸುಮ್ಮನಿದ್ದವು. ನಲವತ್ತು ವರ್ಷ ಹೋರಿ ಕೊಡಿಸಿದ, ಇಂಜೆಕ್ಷನ್ ಹಾಕಿಸಿದ ಅಪ್ಪ ಇದನ್ನು ನೋಡಿದ್ದು ಇದೇ ಮೊದಲು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

‘ಚುಂಚನಗಿರಿ ಜಾತ್ರೆ ಇದ್ದಂಗೈತೆ ಕಣವ್ವ’ ಅಂದರು. ‘ನೋಡು, ಅರ್ಧ ಜನಕ್ಕೆ ಎಲ್ಲಿ ಹೋಗ್ಬೇಕು ಅಂತಲೇ ಗೊತ್ತಿಲ್ಲ.’

ಹುಡುಗಿ ಎಣಿಸಿ ಬರೆದುಕೊಂಡಳು. ಎಷ್ಟು ಓಡುತ್ತವೆ ಅನ್ನುವುದೇ ಲೆಕ್ಕ. ಸೀಸನ್ ಬಂದಾಗ ಬೆಳಿಗ್ಗೆ ಫೋನ್ ಬರುತ್ತದೆ. ವೀರ್ಯಕ್ಕೆ ದ್ರಾವಣ ಬೆರೆಸಿ, 5 ಡಿಗ್ರಿಗೆ ತಣಿಸಿ, ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಒಂದೆರಡು ದಿನದೊಳಗೆ ಹೆಣ್ಣು ಕುದುರೆಗೆ ತಲುಪಬೇಕು. ಬೆದೆ ಯಾರಿಗೂ ಕಾಯುವುದಿಲ್ಲ.

ಮಧ್ಯಾಹ್ನ ಯಜಮಾನರ ಅಡುಗೆಮನೆಯ ಮೇಜಿನ ಮೇಲೆ ಐದೂ ಕಾಗದ ಹರಡಿದವು. ಪಕ್ಕದಲ್ಲಿ ಲ್ಯಾಪ್‌ಟಾಪ್. ತಮ್ಮ ಹೆಣ್ಣು ಕುದುರೆಯ ಹೆಸರು, ಗಂಡಿನ ಹೆಸರು ಹಾಕಿದರೆ ಹುಟ್ಟುವ ಮರಿಯಲ್ಲಿ ರಕ್ತ ಎಷ್ಟು ಹತ್ತಿರ ಅಂತ ಶೇಕಡಾ ಲೆಕ್ಕ ಬರುತ್ತದೆ. ಸಂಬಂಧ ಜಾಸ್ತಿಯಾದರೆ ಕಷ್ಟ ಒಂದೆರಡಲ್ಲ. ಈ ತಳಿಯಲ್ಲಿ ಕುಳ್ಳ ಮರಿ ಹುಟ್ಟುವ ಒಂದು ದೋಷ ಇದೆ, ತಲೆಯಲ್ಲಿ ನೀರು ತುಂಬುವ ಇನ್ನೊಂದು. ಎರಡೂ ಅಡಗಿ ಕೂರುವ ಗುಣಗಳು. ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ಬರುವ ಸಂಭವ. ಈಗ ಪರೀಕ್ಷೆ ಇದೆ, ಗಂಡು ಕುದುರೆಯ ಕಾಗದದಲ್ಲೇ ಬರೆದಿರುತ್ತದೆ. ಮರಿ ಹಾಕಿದ ಮೇಲೆ ಸತ್ತೆ, ಅಂದರೆ ಮಾಸು, ಬೀಳದಿರುವುದೂ ಈ ಕುದುರೆಗಳಲ್ಲಿ ತುಂಬಾ ಸಾಮಾನ್ಯ. ಅದನ್ನು ಕೇಳಿದಾಗ ಅಪ್ಪ ‘ಅಯ್ಯೋ’ ಅಂದರು. ಆ ರಾತ್ರಿಗಳ ಕಷ್ಟ ಅವರಿಗೆ ಗೊತ್ತು.

ಚಾಂಪಿಯನ್ನಿನ ಹೆಸರು ಹಾಕಿದರು. ಪರದೆಯ ಮೇಲೆ ಬಂದ ಸಂಖ್ಯೆ ನೋಡಿ ಯಜಮಾನರು ತುಟಿ ಒತ್ತಿ ಹಿಡಿದರು. ‘ಒಂದು ಕುದುರೆಗೆ ವರ್ಷಕ್ಕೆ ಇಂತಿಷ್ಟೇ ಹೆಣ್ಣು ಅಂತ ಸಂಘದವರು ಮಿತಿ ಇಟ್ಟಿದ್ದಾರೆ’ ಅಂದರು. ‘ಇಲ್ಲದಿದ್ದರೆ ಇಡೀ ದೇಶ ಇದರ ಹಿಂದೆಯೇ ಹೋಗುತ್ತದೆ.’ ಗೆಳತಿಗೆ ಚಾಂಪಿಯನ್ನೇ ಬೇಕಿತ್ತು. ಅದರ ಮರಿಗೆ ಬೆಲೆ ಬರುತ್ತದೆ ಅನ್ನುವುದು ಅವಳ ವಾದ. ಅವಳದೂ ತಪ್ಪಲ್ಲ. ಮರಿ ಮಾರಿದ ದುಡ್ಡಲ್ಲೇ ಹುಲ್ಲಿನ ಬಿಲ್ಲು ಕಟ್ಟಬೇಕು. ಅಪ್ಪ ಮಗಳು ಹತ್ತು ನಿಮಿಷ ಅವರ ಭಾಷೆಯಲ್ಲಿ ಜಗಳ ಆಡಿದರು. ನಾವು ಚೀಸ್ ತಿಂದೆವು.

ಕೊನೆಗೆ ಯಜಮಾನರು ಐದನೇ ಕಾಗದವನ್ನು ಅಪ್ಪನ ಮುಂದೆ ತಳ್ಳಿದರು. ಯಾವ ಬಹುಮಾನವೂ ಬಾರದ ಕುದುರೆ. ನಮಗೆ ನೆನಪಿತ್ತು, ಶನಿವಾರ ಅದಕ್ಕೆ ಬಂದ ಚಪ್ಪಾಳೆ ಕಡಿಮೆ. ಮುಂಗಾಲು ಅಷ್ಟು ಎತ್ತುತ್ತಿರಲಿಲ್ಲ.

ಅಪ್ಪ ಫೋಟೋ ಬಿಟ್ಟು ಕಾಗದದ ಮೂಲೆಯಲ್ಲಿ ತಾವೇ ಪೆನ್ಸಿಲಿನಲ್ಲಿ ಗೀಚಿದ್ದ ಗುರುತು ನೋಡಿದರು. ಎರಡು ಅರ್ಧಚಂದ್ರ, ಒಂದರ ಮುಂದೆ ಒಂದು. ಹಿಂಗಾಲಿನ ಹೆಜ್ಜೆ ಮುಂಗಾಲಿನ ಹೆಜ್ಜೆ ದಾಟಿದ ಗುರುತು. ‘ಇದು ಬಂಡಿ ಎಳೀತದೆ’ ಅಂದರು.

ಹೊರಡುವ ಮೊದಲು ಲಾಯಕ್ಕೆ ಹೋಗಿ ಹೆಣ್ಣು ಕುದುರೆಯನ್ನು ನೋಡಿದೆವು. ಅಪ್ಪ ಯಜಮಾನರ ಒಪ್ಪಿಗೆ ಕೇಳಿ, ಅದರ ಹಣೆಯ ಜೂಲು ಸರಿಸಿ, ಬ್ಯಾಟರಿ ಬಿಟ್ಟು ಸುಳಿ ನೋಡಿದರು. ಹಣೆಯ ನಡುವೆ ಒಂದೇ ಸುಳಿ, ನೆಟ್ಟಗೆ. ‘ಏನೂ ತೊಂದರೆ ಇಲ್ಲ ಅಂತ ಹೇಳು.’ ಹೇಳಿದೆ. ಯಜಮಾನರು ಗಂಭೀರವಾಗಿ ಧನ್ಯವಾದ ಹೇಳಿದರು, ಎಕ್ಸ್‌ರೇ ವರದಿ ಕೈಗೆ ಬಂದ ಹಾಗೆ.

ವಾಪಸ್ ಬರುವಾಗ ಏರಿಯ ಮೇಲೆ ಕತ್ತಲು. ಅಪ್ಪ ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆ.

‘ಕುದುರೆಗೆ ಎಷ್ಟು ತಿಂಗಳು?’

‘ಹನ್ನೊಂದು.’

ಬೆರಳು ಮಡಚಿ ಎಣಿಸಿದರು. ‘ಏಪ್ರಿಲ್‌ನಲ್ಲಿ ಕೊಡಿಸಿದ್ರೆ ಮುಂದಿನ ಯುಗಾದಿ ಹೊತ್ತಿಗೆ ಮರಿ. ಫೋಟೋ ಕಳಿಸೋಕೆ ಹೇಳು. ಗಂಡಾದ್ರೆ ಹಣೆ ಮೇಲೆ ಬಿಳಿ ಎಷ್ಟೈತೆ ಅಂತ ಅಳೆದು ಹೇಳ್ಲಿ.’